ಹೆಣ್ಣು ನೋಡಲು ಬಂದವನು ಅಣ್ಣನಾದ

ನಮ್ಮಪ್ಪ ಮನೆ ಅಳಿಯ. ಅಮ್ಮ ಒಬ್ಬಳೇ ಮಗಳಾದ್ದರಿಂದ ಮದುವೆಯಾದ ಮೇಲೆ ಅವಳು ಗಂಡನ ಊರಿಗೆ ಹೋಗಲಿಲ್ಲ. ಅಪ್ಪನೇ ತೆರಕಣಾಂಬಿಯ ಅಜ್ಜಿ ಮನೆಗೆ ಬಂದು ನೆಲೆಸಿದ. ಮನೆಯಲ್ಲಿ ಕೊನೆಯ ಮಾತು ಯಾವಾಗಲೂ ಅಜ್ಜಿಯದು. ಅಪ್ಪನಿಗೂ ಅದರಿಂದ ಆರಾಮವೇ ಇತ್ತು.

ನಾನಾಗ ಚಾಮರಾಜನಗರದಲ್ಲಿ ಬಿ.ಎ. ಓದುತ್ತಿದ್ದೆ. ಸಮಾಜಶಾಸ್ತ್ರದ ಪರೀಕ್ಷೆಗೆ ಒಂದು ವಾರವಿರುವಾಗ ಅಕ್ಕನನ್ನು ನೋಡಲು ಹಂಗಳದಿಂದ ಒಬ್ಬ ಹುಡುಗ ಬಂದ. ಮೊದಲ ಸಲ ಸುಮ್ಮನೆ ನೋಡಿಕೊಂಡು ಹೋಗೋಣವೆಂದು ಜೊತೆಗೆ ತಾಯಿಯನ್ನು ಮಾತ್ರ ಕರೆತಂದಿದ್ದ. ಗುಂಡ್ಲುಪೇಟೆಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟವನು. ಅಕ್ಕ ಅಡುಗೆಮನೆಯಿಂದ ಇಣುಕಿ, “ಪರ್ವಾಗಿಲ್ಲ ಕಣಮ್ಮಿ” ಎಂದಳು. ಅವಳ ಬಾಯಲ್ಲಿ ಅದು ಫಸ್ಟ್ ಕ್ಲಾಸ್.

ಅವಳು ಹೊಸ ಸೀರೆಯುಟ್ಟು ಉಪ್ಪಿಟ್ಟು, ಕಾಫಿ ಕೊಟ್ಟು ಕುಳಿತಳು. ಅಜ್ಜಿ ಹುಡುಗನ ತಾಯಿಯ ವಿಚಾರಣೆ ಶುರುಮಾಡಿದಳು.

“ನಿನ್ ತವ್ರು ಯಾವೂರವ್ವಾ?”

“ಭೀಮನಬೀಡು.”

“ನಿಮ್ಮವ್ವನ ತವ್ರು?”

ಆಕೆ ಹೇಳಿದ್ದು ಅಜ್ಜಿ ಹುಟ್ಟಿದ ಊರಿನ ಹೆಸರನ್ನೇ. “ನಮ್ಮವ್ವ ಹುಟ್ಟುತ್ಲೇ ಅವರವ್ವ ತೀರೋದ್ರಂತೆ. ಪಕ್ಕದ್ಮನೆಯವ್ರು ಸಾಕಿ, ಮದ್ವೆ ಮಾಡಿ ಕಳುಸುದ್ರಂತೆ.”

ಅಜ್ಜಿ ಕಾಫಿ ಲೋಟ ಕೆಳಗಿಟ್ಟಳು. “ಸಾಕಿದ್ದು ನಮ್ಮವ್ವ ಕಣವ್ವಾ! ಒಂದು ಮಗ್ಗುಲಿಗೆ ನಾನು, ಇನ್ನೊಂದು ಮಗ್ಗುಲಿಗೆ ನಿಮ್ಮವ್ವ. ಒಂದೇ ಎದೆ ಹಾಲು ಕುಡುದು ಬೆಳುದ್ವು!”

ಆ ತಂಗಿ ಮದುವೆಯಾದ ಕೆಲವೇ ವರ್ಷಕ್ಕೆ ತೀರಿಕೊಂಡು, ಎರಡು ಮನೆಗಳ ನಡುವೆ ಹೋಗಿಬರುವುದೇ ನಿಂತುಹೋಗಿತ್ತು. ಅಜ್ಜಿ ಹುಡುಗನ ತಾಯಿಯನ್ನು ತಬ್ಬಿಕೊಂಡು ಗಳಗಳನೆ ಅತ್ತಳು. ಆಕೆಯೂ ಅತ್ತಳು. ಅಪ್ಪ ಖುಷಿಯಿಂದ, “ಒಳ್ಳೇದೇ ಆಯ್ತು ಬುಡಿ, ಹಳೇ ನಂಟೇ ಸಿಕ್ತು” ಎಂದ.

ಅಜ್ಜಿ ಕಣ್ಣೊರೆಸಿಕೊಂಡು, “ಎಲ್ಲಿ ಒಳ್ಳೇದು? ಈ ಮದ್ವೆ ಆಗಕಿಲ್ಲ” ಎಂದುಬಿಟ್ಟಳು.

ಅವಳ ಲೆಕ್ಕ ಸರಳವಾಗಿತ್ತು. ಅಕ್ಕತಂಗಿಯರ ಹೆಣ್ಣುಮಕ್ಕಳು ತಾವೂ ಅಕ್ಕತಂಗಿಯರೇ. ಅಂದರೆ ಅಮ್ಮನಿಗಿಂತ ಹಿರಿಯಳಾದ ಹುಡುಗನ ತಾಯಿ ನಮಗೆ ದೊಡ್ಡಮ್ಮ. ಸೋದರಮಾವನ ಮಗನೋ ಸೋದರತ್ತೆಯ ಮಗನೋ ಆಗಿದ್ದರೆ ವರಸೆ ಕೂಡುತ್ತಿತ್ತು, ಮದುವೆ ನಡೆಯುತ್ತಿತ್ತು. ದೊಡ್ಡಮ್ಮನ ಮಗನೆಂದರೆ ಅಣ್ಣ.

ಇದೇ ಪಾಠವನ್ನು ನಾನು ಆ ವಾರವೆಲ್ಲ ಉರುಹೊಡೆದಿದ್ದೆ. ಸುಮ್ಮನಿರಲಾಗದೆ, “ಅಜ್ಜಿ, ಆಯಮ್ಮನ ಅವ್ವ ನಿನ್ ಸ್ವಂತ ತಂಗಿ ಅಲ್ವಲ್ಲ. ರಕ್ತಸಂಬಂಧ ಎಲ್ಲದೆ?” ಎಂದೆ.

“ರಕ್ತ ಇಲ್ದಿದ್ರೆ ಏನಮ್ಮಿ, ಹಾಲಿಲ್ವಾ? ನಮ್ಮವ್ವ ಸುಮ್‌ಸುಮ್ನೆ ಕುಡುಸುದ್ಲಾ?”

ಅಕ್ಕನ ಮುಖ ಕೆಂಪಾಗಿತ್ತು. ಆಗ ಆ ಹುಡುಗ ತಟ್ಟೆಯನ್ನು ಅಮ್ಮನ ಕಡೆ ಚಾಚಿ, “ಅಂಗಾದ್ರೆ ನಾಚ್ಕೆ ಯಾಕೆ? ಇನ್ನೊಸಿ ಉಪ್ಪಿಟ್ಟು ಆಕು, ಚಿಕ್ಕಮ್ಮ” ಎಂದ.

ಚಿಕ್ಕಮ್ಮ! ಆ ಒಂದು ಮಾತಿಗೆ ಮಾತುಕತೆ ಮುಗಿಯಿತು. ಅಮ್ಮ ನಗುತ್ತ ಬಾಣಲೆಯನ್ನೇ ತಂದಳು. ಅಕ್ಕ ಎದ್ದುಹೋಗಿ ಸೀರೆ ಬಿಚ್ಚಿ ನೈಟಿ ಹಾಕಿಕೊಂಡು ಬಂದಳು. ಎರಡು ದಿನ ಅಜ್ಜಿಯೊಂದಿಗೆ ಅವಳ ಮಾತಿಲ್ಲ. “ಉಡುಗನ ಅಜ್ಜಿ ಯಾರು ಅಂತ ಫೋನಲ್ಲೇ ಕೇಳಕಾಯ್ತಿರ್ಲಿಲ್ವಾ?” ಎಂಬುದು ಅವಳ ಸಿಟ್ಟು. ಅದು ನ್ಯಾಯವಾದ ಸಿಟ್ಟೇ.

ಮರುವರ್ಷ ಅಕ್ಕನಿಗೆ ಚಾಮರಾಜನಗರದ ಸಂಬಂಧ ಕೂಡಿಬಂತು. ನಮಗೆ ಒಡಹುಟ್ಟಿದ ಗಂಡುಮಕ್ಕಳಿಲ್ಲ. ಧಾರೆಯ ದಿನ ಬಾಮೈದನ ಜಾಗದಲ್ಲಿ ನಿಂತವನು ಆ ಹಂಗಳದವನೇ. ಭಾವನ ಕೈಯಿಂದ ಉಂಗುರ ತೊಡಿಸಿಕೊಂಡ, ಊಟದ ಪಂಕ್ತಿಯಲ್ಲಿ ಓಡಾಡಿ ಪಾಯಸ ಬಡಿಸಿದ. ಹೆಣ್ಣು ಕಳಿಸುವ ಹೊತ್ತಿಗೆ ಎಲ್ಲರಿಗಿಂತ ಜೋರಾಗಿ ಅತ್ತು ಅಕ್ಕನನ್ನೇ ನಗಿಸಿದ. ಮುಂದೆ ಅವನಿಗೂ ಮದುವೆಯಾಯಿತು.

ಮೊನ್ನೆ ಅಕ್ಕ ತನ್ನ ಮಗಳನ್ನೂ, ಅವನು ತನ್ನ ಮಗನನ್ನೂ ಕರೆದುಕೊಂಡು ಬಂದಿದ್ದರು. ಇಬ್ಬರೂ ಮೂರು ವರ್ಷದ ಪೋರರು, ಅಂಗಳದಲ್ಲಿ ಒಂದೇ ಬಕೆಟ್ಟಿಗೆ ಜಗಳವಾಡುತ್ತಿದ್ದರು. ಅಜ್ಜಿ ಜಗಲಿಯಲ್ಲಿ ಕೂತು ನೋಡಿ ನೋಡಿ, “ಸೋದರಮಾವನ ಮಗ. ಈಗ ನೋಡಮ್ಮಿ, ವರಸೆ ಎಂಗ್ ಕೂಡ್ತದೆ!” ಎಂದಳು.

“ಮೊದ್ಲು ಅಂಗನವಾಡಿಗೆ ಓಗ್ಲಿ ಬುಡಜ್ಜಿ” ಎಂದು ಅಕ್ಕ ಮಗಳನ್ನು ಎತ್ತಿಕೊಂಡು ಒಳಗೆ ಹೋದಳು.