ಹದಿನೇಳರಿಂದ ಭಾಗ ಹೋಗುವ ಮೂವತ್ತಮೂರು ಕೋಟಿ

ಆ ಶಾಲು ಈಗಲೂ ಬೆಳ್ಮಣ್ಣಿನ ನಮ್ಮ ಮನೆಯ ಕಪಾಟಿನಲ್ಲಿದೆ. ಕಂಡರೆ ಹೇಸಿಗೆಯಾಗುತ್ತದೆ.

ನಾನು ಕಾಪುವಿನ ಶಾಲೆಯೊಂದರಲ್ಲಿ ಗಣಿತದ ಮಾಸ್ತರ. ಅಂಬಲಪಾಡಿಯ ಸಭಾಭವನದಲ್ಲಿ ಪ್ರಾಚೀನ ಗಣಿತದ ಕುರಿತು ಉಪನ್ಯಾಸ, ಜೊತೆಗೆ ನನಗೆ ಸನ್ಮಾನ. ನಮ್ಮಲ್ಲಿ ಒಬ್ಬ ಮನುಷ್ಯ ಇಪ್ಪತ್ತೈದು ವರ್ಷ ಒಂದೇ ಕೆಲಸ ಮಾಡಿದರೆ ಸಾಕು, ಪೇಟ ತೊಡಿಸಿ, ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೈಗೆ ಕೊಡದೆ ಬಿಡುವುದಿಲ್ಲ. ಹತ್ತನೇ ತರಗತಿಯ ಒಬ್ಬಳು ಹುಡುಗಿಯನ್ನು ಜೊತೆಗೆ ಕರೆದುಕೊಂಡು ಹೋಗಿದ್ದೆ. ಉಚ್ಚಿಲದವಳು. ಲೆಕ್ಕವನ್ನು ಅವಳಷ್ಟು ನಂಬಿದ ಮಗುವನ್ನು ನಾನು ಬೇರೆ ಕಂಡಿಲ್ಲ.

ಮೊದಲು ಸನ್ಮಾನ ಮುಗಿಯಿತು. ಆಮೇಲೆ ಉಪನ್ಯಾಸಕ್ಕೆ ನಿಂತವರು ಸನ್ಮಾನ ಸಮಿತಿಯ ಅಧ್ಯಕ್ಷರೇ, ನಿವೃತ್ತ ಪ್ರಾಂಶುಪಾಲರು. ಹಲಗೆಯ ಮೇಲೆ 31, 331, 3331 ಎಂದು ಬರೆಯುತ್ತಾ ಹೋದರು. ಎಲ್ಲವೂ ಅವಿಭಾಜ್ಯ ಸಂಖ್ಯೆಗಳು ಎಂದರು. ಒಂದರಿಂದ ಮತ್ತು ತಮ್ಮಿಂದಲ್ಲದೆ ಬೇರೆ ಯಾವುದರಿಂದಲೂ ಭಾಗ ಹೋಗುವುದಿಲ್ಲ. ಏಳು ಮೂರುಗಳ ತನಕ ಅವರು ಹೇಳಿದ್ದು ನಿಜ. ಎಂಟನೆಯ ಮೂರು ಸೇರಿಸಿದರು: 33,33,33,331. ನೋಡಿ, ಇದು ನಮ್ಮ ಮೂವತ್ತಮೂರು ಕೋಟಿ ದೇವತೆಗಳ ಸಂಖ್ಯೆ, ಇದನ್ನು ಯಾರಿಂದಲೂ ಭಾಗಿಸಲು ಸಾಧ್ಯವಿಲ್ಲವೆಂದು ಋಷಿಗಳಿಗೆ ಅಂದೇ ಗೊತ್ತಿತ್ತು ಎಂದರು. ಚಪ್ಪಾಳೆಯೋ ಚಪ್ಪಾಳೆ. ಲೆಕ್ಕದ ತೂತು ಮುಚ್ಚಲು ದೇವರನ್ನು ಎಳೆದು ತರುವುದೇ?

ಹುಡುಗಿ ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲಿ ಏನೋ ಗೀಚುತ್ತಿದ್ದವಳು ಎದ್ದು ನಿಂತಳು.

"ಸರ್, ಇದು ಹದಿನೇಳರಿಂದ ಭಾಗ ಹೋಗ್ತದೆ. ಶೇಷ ಎಂತದೂ ಇಲ್ಲ."

ಸಭೆ ನಕ್ಕಿತು. ದೇವರನ್ನೇ ಭಾಗ ಮಾಡಲು ಹೊರಟೆಯಾ ಎಂದು ಅಧ್ಯಕ್ಷರೂ ನಕ್ಕು, ನಿನ್ನ ಮಾಸ್ತರರೇ ಹೇಳಲಿ ಎಂದು ನನ್ನ ಕಡೆ ತಿರುಗಿದರು. ಹುಡುಗಿಯೂ ನನ್ನನ್ನು ನೋಡಿದಳು. ಮುಖದಲ್ಲಿ ಒಂದಿಷ್ಟೂ ಆತಂಕವಿಲ್ಲ, ಮಾಸ್ತರರು ಇದ್ದಾರಲ್ಲ.

1,96,07,843ನ್ನು ಹದಿನೇಳರಿಂದ ಗುಣಿಸಿದರೆ ಸರಿಯಾಗಿ ಆ ಸಂಖ್ಯೆಯೇ ಬರುತ್ತದೆ. ಇದು ನನಗೆ ಎಷ್ಟೋ ವರ್ಷಗಳಿಂದ ಗೊತ್ತು. ಒಂದೇ ಮಾತು ಸಾಕಿತ್ತು. ಆದರೆ ತಲೆಯ ಮೇಲೆ ಪೇಟವಿತ್ತು, ಹೆಗಲ ಮೇಲೆ ಅವರು ಹೊದೆಸಿದ ಶಾಲು ಇತ್ತು.

"ಮಕ್ಕಳಲ್ವಾ, ಅವಸರದಲ್ಲಿ ತಪ್ಪುವುದುಂಟು" ಎಂದೆ.

ಅದಕ್ಕೂ ಚಪ್ಪಾಳೆ ಬಿತ್ತು. ಥೂ, ನನ್ನ ಜನ್ಮಕ್ಕಿಷ್ಟು! ಅಧ್ಯಕ್ಷರಿಗೆ ಗೊತ್ತಿರಲಿಲ್ಲ, ಹಾಗಾಗಿ ತಪ್ಪು ಹೇಳಿದರು. ನಾನು ಗೊತ್ತಿದ್ದೇ ಹೇಳಿದೆ.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ನನ್ನ ಪಕ್ಕವೇ ಕುಳಿತಳು. ಕಟಪಾಡಿ ದಾಟಿತು, ಕಾಪು ದಾಟಿತು. ಅದೇ ಕಾಗದದ ಅಂಚಿನಲ್ಲಿ ಅದೇ ಭಾಗಾಕಾರವನ್ನು ಮತ್ತೆ ಮತ್ತೆ ಮಾಡುತ್ತಿದ್ದಳು. ಉಚ್ಚಿಲ ಹತ್ತಿರವಾದಾಗ ಕಾಗದವನ್ನು ನನ್ನ ಮುಂದೆ ಹಿಡಿದಳು.

"ಸರ್, ನಾನು ಎಲ್ಲಿ ತಪ್ಪಿದ್ದು?"

ಎಲ್ಲಿಯೂ ತಪ್ಪಿಲ್ಲ, ನಿನ್ನದೇ ಸರಿ ಎಂದೆ. ಅವಳು ಕಾಗದ ಮಡಚಿಕೊಂಡು ಇಳಿದು ಹೋದಳು.

ಮರುದಿನ ತರಗತಿಯಲ್ಲಿ ಒಂದು ಕಷ್ಟದ ಲೆಕ್ಕ ಕೊಟ್ಟೆ. ಯಾರಿಗೆ ಬಂತು ಎಂದು ಕೇಳಿದಾಗ ಒಂದು ಕೈಯೂ ಏಳಲಿಲ್ಲ. ಬೆಂಚುಗಳ ನಡುವೆ ನಡೆಯುತ್ತಾ ಅವಳ ಪುಸ್ತಕ ನೋಡಿದೆ. ಉತ್ತರ ಇತ್ತು, ಸರಿಯಾಗಿಯೇ ಇತ್ತು. ನಾನು ನೋಡುತ್ತಿರುವುದು ತಿಳಿದು ಅವಳು ಅದನ್ನು ಕೈಯಿಂದ ಮುಚ್ಚಿಕೊಂಡಳು.