ಸರಪಳಿ ಪ್ರಾರ್ಥನೆಯಲ್ಲಿ ಅವಳ ಸರದಿ

ಎಪ್ಪತ್ತರ ದಶಕದ ಕೊನೆಯಲ್ಲಿ ನಮ್ಮ ಚರ್ಚಿನ ಸಭೆಯ ಹಿರಿಯರಿಗೆ ಒಂದೇ ಚಿಂತೆ. ಯುವಜನರು ಆರಾಧನೆಗೆ ಬರುವುದಿಲ್ಲ, ಬಂದರೂ ಹಿಂದಿನ ಬೆಂಚಿನಲ್ಲಿ ಕೂತು ಪ್ರಸಂಗಕ್ಕೆ ಮೊದಲೇ ಜಾರಿಕೊಳ್ಳುತ್ತಾರೆ. ಕೊನೆಗೆ ಸಭಾಪಾಲಕರಾದ ಪಾದ್ರಿಗಳು ಉಜ್ಜೀವನಕ್ಕಾಗಿ, ಅಂದರೆ ತಣ್ಣಗಾದ ಭಕ್ತಿ ಮತ್ತೆ ಹೊತ್ತಿಕೊಳ್ಳಲಿ ಎಂದು, ಒಂದು ವಾರ ಸಂಜೆ ಪ್ರಾರ್ಥನೆ ಇಟ್ಟರು. ಯುವಜನ ಕೂಟದ ಕಾರ್ಯದರ್ಶಿ ನಾನು. ಇಪ್ಪತ್ತು ವರ್ಷ, ಬಾಯಿ ಜೋರು, ದೇವರ ಕೆಲಸ ನಾನಿಲ್ಲದೆ ನಡೆಯದು ಎಂಬ ಭ್ರಮೆ ಬೇರೆ.

ಮೂರನೇ ದಿನ ಮಂಗಳೂರಿನ ಹಂಪನಕಟ್ಟೆಯಲ್ಲಿ ಬಸ್ಸಿಗೆ ಕಾಯುವಾಗ ನನ್ನ ಗೆಳತಿ ಒಂದು ಮಾತು ಹೇಳಿದಳು. ಸಂಡೇಸ್ಕೂಲಿನಿಂದ ಜೊತೆಗಿದ್ದವಳು, ಕ್ವಾಯರಿನಲ್ಲೂ ನನ್ನ ಪಕ್ಕದವಳು. ಅವಳ ತಂದೆ ಸಭೆಯ ಹಿರಿಯರಲ್ಲಿ ಒಬ್ಬರು, ಬಹಳ ಕಟ್ಟುನಿಟ್ಟು. ತಾಯಿ ತೀರಿಕೊಂಡ ಮೇಲೆ ತನಗೆ ಪ್ರಾರ್ಥನೆಯೇ ಬರುವುದಿಲ್ಲ, ಹಾಡುವಾಗಲೂ ಆ ಕಡೆ ಕೇಳುವವರು ಯಾರೂ ಇಲ್ಲ ಅನ್ನಿಸುತ್ತದೆ ಎಂದಳು.

"ಅಪ್ಪನಿಗೆ ಗೊತ್ತಾದ್ರೆ ನಂಗೆ ಆ ಮನೆಯಲ್ಲಿ ಇರ್ಲಿಕ್ಕೆ ಆಗುದಿಲ್ಲ. ನಿನ್ನ ಹತ್ರ ಮಾತ್ರ ಹೇಳಿದ್ದು ಮಾರಾಯ್ತಿ."

ಯಾರಿಗೂ ಹೇಳುವುದಿಲ್ಲ ಎಂದು ಅವಳ ಕೈ ಹಿಡಿದು ಮಾತು ಕೊಟ್ಟೆ. ಆಗ ನನಗೆ ನಿಜವಾಗಿಯೂ ಸಂಕಟವಾಗಿತ್ತು.

ಕೊನೆಯ ದಿನ ಸರಪಳಿ ಪ್ರಾರ್ಥನೆ. ಚಾಪೆಯ ಮೇಲೆ ಸುತ್ತಲೂ ಕೂತು ಕಣ್ಣು ಮುಚ್ಚಿ, ಕೂತ ಸಾಲಿನಲ್ಲೇ ಒಬ್ಬರಾದ ಮೇಲೆ ಒಬ್ಬರು ಗಟ್ಟಿಯಾಗಿ ಪ್ರಾರ್ಥಿಸಬೇಕು. ಬಾರದವರು ಬರೀ 'ಆಮೆನ್' ಅಂದರೆ ಸರದಿ ಮುಂದಿನವರಿಗೆ ಹೋಗುತ್ತದೆ. ನಾವು ಹದಿನೈದು ಮಂದಿ ಇದ್ದೆವು. ನನ್ನ ಬಲಕ್ಕೆ ಗೆಳತಿ, ಎದುರಿಗೆ ಸಭಾಪಾಲಕರು, ಅವರ ಪಕ್ಕ ಅವಳ ತಂದೆ.

ನನಗಿಂತ ಮೊದಲಿನವರೆಲ್ಲ ಹಳೇ ಮಾತುಗಳನ್ನೇ ಒಪ್ಪಿಸಿದ್ದರು. ನನ್ನ ಪ್ರಾರ್ಥನೆಯಲ್ಲಿ ಏನಾದರೂ ತೂಕ ಇರಬೇಕು ಎಂಬ ಆಸೆ ನನಗೆ. ಶುರು ಮಾಡಿದೆ, ಅಳು ಬಂತು, ಅಳುವಿನ ಜೊತೆ ಮಾತೂ ಬಂತು. ತಾಯಿಯನ್ನು ಕಳೆದುಕೊಂಡು ನಿನ್ನ ಮೇಲಿನ ನಂಬಿಕೆಯನ್ನೂ ಕಳೆದುಕೊಂಡ ಸಹೋದರಿಯನ್ನು ಮುಟ್ಟು ಕರ್ತನೇ ಎಂದೆ. ಹೆಸರು ಹೇಳಲಿಲ್ಲವಲ್ಲ, ಕೊಟ್ಟ ಮಾತು ಉಳಿಯಿತು ಎಂದುಕೊಂಡೆ, ಪೆದ್ದಿ. ಆ ಹದಿನೈದು ಜನರಲ್ಲಿ ತಾಯಿ ಇಲ್ಲದ ಹುಡುಗಿ ಒಬ್ಬಳೇ. ಅದು ಹೊಳೆದದ್ದು 'ಆಮೆನ್' ಅಂದ ಮೇಲೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮುಂದಿನ ಸರದಿ ಅವಳದು.

ಯಾರೂ ಕಣ್ಣು ತೆರೆಯುವಂತಿಲ್ಲ. ಹೊರಗೆ ಬಸ್ಸೊಂದು ಹಾರ್ನ್ ಹೊಡೆದು ಹೋಯಿತು. ಎದುರಿನಿಂದ ಅವಳ ತಂದೆ ಗಂಟಲು ಸರಿಪಡಿಸಿಕೊಂಡದ್ದು ಕೇಳಿಸಿತು. ನನ್ನ ಭುಜಕ್ಕೆ ತಾಗಿದ್ದ ಅವಳ ಭುಜ ಮೆಲ್ಲನೆ ದೂರವಾಯಿತು. ಬರೀ 'ಆಮೆನ್' ಅಂದುಬಿಡಲಿ ದೇವರೇ ಎಂದು ಒಳಗೊಳಗೇ ಬೇಡಿದೆ. ಆ ಇಡೀ ವಾರದಲ್ಲಿ ನಾನು ಮಾಡಿದ ನಿಜವಾದ ಪ್ರಾರ್ಥನೆ ಅದೊಂದೇ.

"ನಂಗೆ ಪ್ರಾರ್ಥನೆ ಬರುದಿಲ್ಲ," ಎಂದಳು. ದನಿ ನಡುಗಲಿಲ್ಲ. "ದೇವರನ್ನು ನಂಬ್ಲಿಕ್ಕೆ ಆಗದಿದ್ದಾಗ ನಾನು ಇವಳನ್ನು ನಂಬಿದ್ದೆ."

ಅವಳು ಎದ್ದು ಹೋದಳು. ಹಿಂದೆಯೇ ಅವಳ ತಂದೆಯ ಹೆಜ್ಜೆ. ಅವಳ ಆಚೆ ಕೂತಿದ್ದವನು ಏನು ಮಾಡುವುದೆಂದು ತಿಳಿಯದೆ 'ಆಮೆನ್' ಅಂದ, ಸರಪಳಿ ಮುಂದೆ ಹೋಯಿತು.

ಕೂಟ ಮುಗಿದಾಗ ಸಭಾಪಾಲಕರು ನನ್ನ ಕೈ ಕುಲುಕಿ, ಒಳ್ಳೆಯ ಭಾರದಿಂದ, ಮನಸ್ಸು ಕರಗುವಂತೆ ಪ್ರಾರ್ಥಿಸಿದೆ ಎಂದು ಮೆಚ್ಚಿಕೊಂಡರು. ಉಜ್ಜೀವನ ಶುರುವಾಯಿತು ಎಂದು ಹೆಂಗಸೊಬ್ಬರು ಕಣ್ಣೊರೆಸಿಕೊಂಡರು. ನನಗೆ ಅವರ ಮೇಲೂ ಸಿಟ್ಟು ಬಂತು, ನನ್ನ ಮೇಲಂತೂ ಹೇಳುವುದೇ ಬೇಡ.

ಮರುದಿನ ಅವಳ ಮನೆಗೆ ಹೋದೆ. ತಂದೆ ಬಾಗಿಲಲ್ಲೇ ನಿಂತು, ಅವಳನ್ನು ಉಡುಪಿಗೆ ಚಿಕ್ಕಮ್ಮನ ಮನೆಗೆ ಕಳಿಸಿದ್ದೇನೆ ಎಂದರು. ಒಳಗೆ ಕರೆಯಲಿಲ್ಲ. ಅವಳ ಮದುವೆಯೂ ಅಲ್ಲೇ ಆಯಿತು.

ಹತ್ತು ವರ್ಷ ಕಳೆದು ಒಂದು ಮದುವೆಯಲ್ಲಿ ಸಿಕ್ಕಿದಾಗ ತಪ್ಪಾಯಿತು ಎಂದೆ. ಹೋಗಲಿ ಬಿಡು ಎಂದು ನಕ್ಕಳು, ನನ್ನ ಮಕ್ಕಳು ಎಷ್ಟನೇ ಕ್ಲಾಸು ಎಂದು ಕೇಳಿದಳು. ಈಗಲಾದರೂ ಅವಳಿಗೆ ಪ್ರಾರ್ಥನೆ ಬರುತ್ತದೋ ಎಂದು ಕೇಳಬೇಕೆನ್ನಿಸಿತು, ಕೇಳಲಿಲ್ಲ. ಕೇಳಿದರೂ ಅವಳು ಅದನ್ನು ಇನ್ನು ಯಾರಿಗೆ ಬೇಕಾದರೂ ಹೇಳಿಯಾಳು, ನನಗಲ್ಲ.