ಹಾಲು ಮಾತ್ರ ಕುಡಿಯುವ ಮಕ್ಕಳು

ಕೋಲ್ಕತ್ತಾದ ಬೆಹಾಲಾದಲ್ಲಿರುವ ಪೂರ್ವಿಗೆ ಧಾರವಾಡದ ಬಂಧುಬಳಗ ಇಟ್ಟ ಅಡ್ಡಹೆಸರು 'ನೀರ ತಿನ್ನೂವಾಕಿ'. ಸಣ್ಣವಳಿದ್ದಾಗ ಚಿಕ್ಕಪ್ಪನ ಮದುವೆಯಲ್ಲಿ, ತುಂಬಿದ ಪಂಕ್ತಿಯ ನಡುವೆ ಎದ್ದುನಿಂತು, "ಅವ್ವಾ, ನಾ ನೀರ ತಿಂದ ಬರ್ತೀನಿ" ಅಂದುಬಿಟ್ಟಿದ್ದಳು, ಪಾಪ. ಬಡಿಸುವವರು ಸೌಟು ಹಿಡಿದುಕೊಂಡೇ ಬಿದ್ದುಬಿದ್ದು ನಕ್ಕರು. ಅವ್ವ ಪಾರ್ವತಿಗೆ ಎಲ್ಲಿ ಮುಖ ಮುಚ್ಚಿಕೊಳ್ಳಲಿ ಅನಿಸಿತು. ಅಲ್ಲಾ, ಆ ಕೂಸಿನದೇನು ತಪ್ಪು? ಹುಟ್ಟಿದ್ದು ಕೋಲ್ಕತ್ತಾದಲ್ಲಿ, ಓಣಿಯ ಹುಡುಗಿಯರ ಜೊತೆ ಜಗಳಾಡಿ ಬೆಳೆದದ್ದು ಬಂಗಾಳಿಯಲ್ಲಿ. ಆ ಭಾಷೆಯಲ್ಲಿ ಅನ್ನವನ್ನೂ ತಿನ್ನುತ್ತಾರೆ, ನೀರನ್ನೂ ತಿನ್ನುತ್ತಾರೆ, ಚಹಾವನ್ನೂ ತಿನ್ನುತ್ತಾರೆ, ಸಿಗರೇಟನ್ನೂ ಬಿಟ್ಟಿಲ್ಲ. ಎಲ್ಲದಕ್ಕೂ ಒಂದೇ 'ಖಾವಾ'. ಅಂಥ ಊರಲ್ಲಿ ಬೆಳೆದ ಹುಡುಗಿ ಕನ್ನಡದಲ್ಲೂ ನೀರು ತಿಂದಳು, ಅಷ್ಟೇ. ಆದರೆ ಬಳಗದವರು ಬಿಡಬೇಕಲ್ಲ! ಕಾಲೇಜಿಗೆ ಬಂದ ಮೇಲೂ ಫೋನಿನಲ್ಲಿ "ಏನವಾ, ಇವತ್ತ ಎಷ್ಟ ನೀರ ತಿಂದಿ?" ಅಂತ ಕೆಣಕುವುದು ತಪ್ಪಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಕನ್ನಡದ ಸಹವಾಸವೇ ಬೇಡ ಅಂತ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಪೂರ್ವಿ ಹೋಗಿ ಭಾಷಾವಿಜ್ಞಾನದ ಬಿ.ಎ.ಗೆ ಸೇರಿದಳು.

ಮೂರನೇ ವರ್ಷದಲ್ಲಿ ಅವಳ ವಿಶ್ವವಿದ್ಯಾಲಯ ಒಂದು ಯೋಜನೆ ತಂದಿತು. ಪದವಿ ವಿದ್ಯಾರ್ಥಿಗಳೂ ಸಂಶೋಧನೆ ಮಾಡಬಹುದು. ಪ್ರಶ್ನೆ ನಿಮ್ಮದೇ, ಮಾರ್ಗದರ್ಶನಕ್ಕೆ ಯಾವ ವಿಭಾಗದ ಮೇಷ್ಟ್ರಾದರೂ ಸರಿ. ಕೊನೆಗೆ ದೊಡ್ಡ ಸಭಾಂಗಣದಲ್ಲಿ ಎಲ್ಲರೆದುರು ಮಂಡಿಸಬೇಕು. ಪೂರ್ವಿ ಒಂದೇ ಉಸಿರಿಗೆ ತನ್ನ ವಿಭಾಗದ ಶುಭಂಕರ್ ಸರ್ ಹತ್ತಿರ ಓಡಿದಳು. ಕೋಲ್ಕತ್ತಾದ ಕನ್ನಡ ಮಕ್ಕಳು ನೀರು ಯಾಕೆ ತಿನ್ನುತ್ತಾರೆ ಅನ್ನುವುದೇ ಅವಳ ಪ್ರಶ್ನೆ. ಸರ್ ನಕ್ಕರು. "ಆಗಲಿ, ಮನೆಮನೆಗೆ ಹೋಗಿ ಮಕ್ಕಳ ಮಾತು ರೆಕಾರ್ಡ್ ಮಾಡಿಕೊಂಡು ಬಾ. ಆಮೇಲೆ ನೋಡೋಣ" ಅಂದರು.

ಮನೆಯಲ್ಲಿ ಪಾರ್ವತಿ ಕೆಂಡವಾದಳು. "ನಮ್ಮ ಹುಡುಗರಿಗೆ ಕನ್ನಡಾ ಬರೂದಿಲ್ಲಂತ ಊರಿಗೆಲ್ಲಾ ಡಂಗುರಾ ಹೊಡ್ಯಾಕ ಹೊಂಟೀಯೇನ?"

"ಅದು ತಪ್ಪಲ್ಲ, ಅವ್ವಾ."

"ತಪ್ಪಲ್ಲದ ಮತ್ತೇನ? ನೀರ ಯಾರರೆ ತಿಂತಾರೇನ?"

"ಇಲ್ಲಿ ಎಲ್ಲಾರೂ!" ಅಂತ ಕೂಗಿ ಪೂರ್ವಿ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು. ಹಟ ಅಂದರೆ ಹಟ.

ಬೆಹಾಲಾದ ಕನ್ನಡ ಮನೆಗಳನ್ನು ಮುಗಿಸಿದಳು, ಊರಿನ ಇನ್ನೊಂದು ತುದಿಯ ಡಮ್ ಡಮ್‌ಗೆ ಹೋದಳು. ಒಂದು ಮನೆಯಲ್ಲಿ ಮೈಸೂರು ಕನ್ನಡ, ಇನ್ನೊಂದರಲ್ಲಿ ಮಂಗಳೂರು ಕನ್ನಡ. ಮಕ್ಕಳಂತೂ ಎಲ್ಲಾ ಕಡೆ ನೀರು ತಿಂದವು, ಚಹಾ ತಿಂದವು, ಶರಬತ್ತು ತಿಂದವು. ಡಮ್ ಡಮ್‌ನ ಪುಟ್ಟ ಅಪೂರ್ವಾ ಒಂದು ದಿನ ಬೆಳಗಿನ ಸಂಗತಿ ಹೇಳುತ್ತಾ, "ನಾನು ಹಾಲು ಕುಡಿದೆ, ಆಮೇಲೆ ನೀರು ತಿಂದೆ" ಅಂದಳು. ಪೂರ್ವಿಗೆ ಥಟ್ಟನೆ ಏನೋ ಹೊಳೆಯಿತು. ಮನೆಗೆ ಬಂದು ಎಲ್ಲರ ಮಾತನ್ನೂ ಮತ್ತೆ ಮತ್ತೆ ಕೇಳಿದಳು. ಅರೆ, ಹಾಲನ್ನು ಒಬ್ಬರೂ ತಿಂದಿಲ್ಲ! ಹಾಲು ಮಾತ್ರ ಎಲ್ಲರೂ ಕುಡಿದಿದ್ದಾರೆ.

ಯಾಕೆ? ನೀರು, ಚಹಾ, ಶರಬತ್ತಿನ ಮಾತು ಮಕ್ಕಳ ಕಿವಿಗೆ ಹೆಚ್ಚಾಗಿ ಬೀಳುವುದು ಶಾಲೆಯಲ್ಲಿ, ಓಣಿಯಲ್ಲಿ, ಗೆಳತಿಯರ ಮನೆಯಲ್ಲಿ, ಬಂಗಾಳಿ ಮಾತಿನ ನಡುವೆ. ಹಾಲು ಹಾಗಲ್ಲ. ಲೋಟ ಹಿಡಿದು ಬೆನ್ನು ಹತ್ತುವವಳು ಅವ್ವ, ಅವಳು ಬೆನ್ನು ಹತ್ತುವುದು ಕನ್ನಡದಲ್ಲಿ. ಮಾತು ಬಾರದೆ ತಪ್ಪಾಡುವ ಮಕ್ಕಳಾಗಿದ್ದರೆ ಹಾಲಿನ ಮಾತಿನಲ್ಲೂ ತಪ್ಪಬೇಕಿತ್ತಲ್ಲ? ಯಾವ ಮಾತು ಎಲ್ಲಿಂದ ಬಂತೋ ಅಲ್ಲಿಯದನ್ನೇ ಇಟ್ಟುಕೊಂಡಿವೆ ಇವು.

ಪೂರ್ವಿ ಹೇಳಿದ್ದನ್ನು ಕೇಳುತ್ತಾ ಕೂತ ಪಾರ್ವತಿಯ ಕಣ್ಣು ತುಂಬಿ ಬಂತು. "ನಾವು ಕೊಟ್ಟಿದ್ದು ಪೂರ್ತಿ ಹೋಗಿಲ್ಲ ಅಂದಂಗಾತು" ಅಂದಳು. ಅವಳಿಗೆ ನಿಜಕ್ಕೂ ಹೆಮ್ಮೆಯಾಗಿತ್ತು.

ಶುಭಂಕರ್ ಸರ್‌ಗೂ ಖುಷಿಯಾಯಿತು. ಖುಷಿಯಾದ ರೀತಿ ನೋಡಿ: "ಬಹಳ ಚೆನ್ನಾಗಿದೆ! ಎಲ್ಲಾ ನನ್ನ ಹತ್ತಿರ ಸಂಶೋಧನೆ ಮಾಡುವ ರೀತಬ್ರತನಿಗೆ ಕೊಡು. ಅವನ ಪಿಎಚ್.ಡಿ.ಗೂ ಆಯಿತು, ಸಭೆಯಲ್ಲಿ ಅವನೇ ಮಂಡಿಸಲಿ."

"ನನ್ನ ಹೆಸರು, ಸರ್?"

"ಕೊನೆಯಲ್ಲಿ ಕೃತಜ್ಞತೆ ಹೇಳುತ್ತಾನೆ. ಮಾಹಿತಿ ಕೊಟ್ಟವಳು ಅಂತ."

"ಹುಡುಕಿದವಳು ನಾನು."

ಸರ್ ಸಮಾಧಾನವಾಗಿಯೇ ಹೇಳಿದರು. "ನೋಡು, ನೀನೂ ಹಾಗೇ ಮಾತಾಡುವವಳು. ಭಾಷೆ ಆಡುವವರು ಬೇರೆ, ಅದನ್ನು ದೂರ ನಿಂತು ನೋಡುವವರು ಬೇರೆ. ನೀನು ಮಾಹಿತಿದಾರಳು. ಸಂಶೋಧಕಿ ಹೇಗಾಗುತ್ತೀ?"

ಪೂರ್ವಿಗೆ ಮೈಯೆಲ್ಲ ಉರಿದುಹೋಯಿತು. "ಸರ್, ನೀವು ಪಿಎಚ್.ಡಿ. ಮಾಡಿದ್ದು ಬಂಗಾಳಿ ಕ್ರಿಯಾಪದಗಳ ಮೇಲೆ. ನಿಮ್ಮ ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ?"

ಅವರ ಮುಖ ಕೆಂಪಾಯಿತು. "ಮುಂದೆ ಎಂ.ಎ.ಗೆ ಅರ್ಜಿ ಹಾಕುವಾಗ ನನ್ನ ಶಿಫಾರಸು ಬೇಕಾಗುತ್ತದೆ. ಯೋಚನೆ ಮಾಡು" ಅಂದರು.

ಅವಳು ಮಕ್ಕಳ ಮಾತೆಲ್ಲ ಇದ್ದ ತನ್ನ ಫೋನನ್ನು ಮೇಜಿನಿಂದ ಎತ್ತಿಕೊಂಡಳು. "ಆ ಅಮ್ಮಂದಿರು ಮಕ್ಕಳ ಮಾತು ಕೊಟ್ಟಿದ್ದು ನನ್ನನ್ನು ನಂಬಿ, ಸರ್. ರೀತಬ್ರತ ಅವರಿಗೆ ಯಾರೂ ಕೊಟ್ಟಿಲ್ಲ." ಹೊರಗೆ ಬಂದಳೇನೋ ಸರಿ, ಮೆಟ್ಟಿಲಿಳಿಯುವಾಗ ಎರಡು ಸಲ ನಿಂತು ಹಿಂದಿರುಗಿ ನೋಡಿದಳು. ಹೆದರಿಕೆಯಾಗಿತ್ತು, ಸುಳ್ಳು ಯಾಕೆ ಹೇಳಬೇಕು? ಆದರೆ ವಾಪಸು ಹತ್ತಲಿಲ್ಲ.

ಅಪ್ಪ ವೀರಭದ್ರ ರೈಲ್ವೆ ಕಚೇರಿಯಲ್ಲಿ ಯಾರಿಗೂ ಎದುರಾಡದೆ ಸವೆದ ಮನುಷ್ಯ. "ದೊಡ್ಡವರ ಜೋಡಿ ವಾದಾ ಯಾಕವಾ? ಹೆಸರ ಇದ್ರೇನ, ಇಲ್ಲಂದ್ರೇನ" ಅಂದ.

ಪಾರ್ವತಿ ಅಡುಗೆಮನೆಯಿಂದಲೇ ಗದರಿದಳು. "ಬಾಗಲಕ್ಕ ನಿಮ್ಮ ಹೆಸರ ಹಿತ್ತಾಳಿ ಅಕ್ಷರದಾಗ ಹಾಕ್ಸೀರಲ್ಲ, ಹೋಗಿ ಕಿತ್ತ ಒಗೀರಿ ಮತ್ತ!" ವೀರಭದ್ರ ಪೇಪರಿನೊಳಗೆ ಮುಖ ಹುದುಗಿಸಿದ.

ಮಾರ್ಗದರ್ಶಕರಿಲ್ಲದೆ ಮಂಡಿಸುವ ಹಾಗಿಲ್ಲ. ಪೂರ್ವಿ ವಿಭಾಗದಿಂದ ವಿಭಾಗಕ್ಕೆ ಅಲೆದಳು. ಶುಭಂಕರ್ ಸರ್ ಹೆಸರು ಕೇಳಿದ್ದೇ ಕೆಲವರು ಜಾರಿಕೊಂಡರು. ಕಡೆಗೆ ಸಮಾಜಶಾಸ್ತ್ರದ ದೇವಲೀನಾ ಮೇಡಂ ಪೂರ್ತಿ ಕೇಳಿಸಿಕೊಂಡು, "ಒಪ್ಪಿದೆ. ಆದರೆ ನನಗೆ ಕನ್ನಡ ಒಂದಕ್ಷರ ಬರೋದಿಲ್ಲವಲ್ಲ?" ಅಂದರು.

"ಪರವಾಗಿಲ್ಲ ಮೇಡಂ, ನನಗೆ ಬರುತ್ತೆ."

ಹುಟ್ಟಿದಾಗಿನಿಂದ ಈ ಮಾತನ್ನು ಅವಳು ಯಾರ ಮುಂದೆಯೂ ಹೇಳಿರಲಿಲ್ಲ. ಹೇಳಿದ ಮೇಲೆ ಬಲು ಹಗುರ ಅನಿಸಿತು.

ಮಂಡನೆಯ ದಿನ ಪಾರ್ವತಿ ಇಳಕಲ್ ಸೀರೆ ಉಟ್ಟು ಡಮ್ ಡಮ್‌ನ ಅಮ್ಮಂದಿರನ್ನೂ ಕರೆದುಕೊಂಡು ಬಂದು ಕೂತಿದ್ದಳು. ಮುಂದಿನ ಸಾಲಿನಲ್ಲಿ ಶುಭಂಕರ್ ಸರ್, ಪಕ್ಕದಲ್ಲಿ ರೀತಬ್ರತ. ಶಿಫಾರಸಿನ ಆಸೆಯನ್ನು ಪೂರ್ವಿ ಬಿಟ್ಟಾಗಿತ್ತು. ಎಂ.ಎ.ಗೆ ಸೀಟು ಸಿಗುತ್ತದೋ ಇಲ್ಲವೋ ದೇವರೇ ಬಲ್ಲ. ಅವಳು ಮೊದಲ ವಾಕ್ಯಕ್ಕೆ ತಡವರಿಸಿದಳು, ಎರಡನೆಯದಕ್ಕೆ ಗಂಟಲು ಸರಿ ಮಾಡಿಕೊಂಡಳು, ಆಮೇಲೆ ನಿಲ್ಲಲಿಲ್ಲ. ಅಪೂರ್ವಾಳ ಮಾತು ಕೇಳಿಸಿ, ಕನ್ನಡದಲ್ಲಿ ನೀರನ್ನು ಯಾರೂ ತಿನ್ನುವುದಿಲ್ಲ ಅಂತ ತಿಳಿಸಿದಾಗ ಸಭಾಂಗಣ ನಕ್ಕಿತು. ಹಾಲಿನ ವಿಷಯ ಬಿಡಿಸಿ ಹೇಳಿದಾಗ ನಗು ನಿಂತಿತು.

ಚಪ್ಪಾಳೆ ಮುಗಿಯುತ್ತಿದ್ದಂತೆ ಶುಭಂಕರ್ ಸರ್ ಕೈ ಎತ್ತಿದರು. ಮೈಕು ಇಸಕೊಂಡು, ಎಲ್ಲರಿಗೂ ಕೇಳುವ ಹಾಗೆ, "ಒಂದು ಸಣ್ಣ ಸ್ಪಷ್ಟನೆ ಬೇಕು. ಈಗ ನೀನು ಇಲ್ಲಿ ನಿಂತಿರುವುದು ಸಂಶೋಧಕಿಯಾಗಿಯೋ, ಮಾಹಿತಿದಾರಳಾಗಿಯೋ?" ಅಂದರು.

ಪೂರ್ವಿ ಅವರ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

"ಎರಡೂ ಆಗಿ, ಸರ್. ಮುಂದಿನ ಪ್ರಶ್ನೆ ಯಾರದು?"